ತಟ್ಟೆ ಉಳಿಯಿತು, ಸುರುಳಿ ಸವೆಯಿತು

ಗಾಯಕಿ ಗೌಹರ್ ಜಾನ್ ಮೈಸೂರಿನಲ್ಲಿ ನಿಧನರಾದದ್ದು 1930ರ ಜನವರಿ 17ರಂದು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಬೆಂಕಿಪೊಟ್ಟಣದ ಮೇಲೂ ಚಿತ್ರ ಅಚ್ಚಾಗುವಷ್ಟು ಹೆಸರು ಮಾಡಿದ್ದ ಕಲಾವಿದೆ ಅವರು. ದೇಹ ಹೋಯಿತು, ದನಿ ಹೋಗಲಿಲ್ಲ. ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಪರವಾಗಿ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಿಸಿಕೊಂಡ ಮೊದಲ ಭಾರತೀಯ ಗಾಯಕ ಗಾಯಕಿಯರಲ್ಲಿ ಅವರೂ ಒಬ್ಬರು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಬಿಂಕಕ್ಕಾಗಿ ಹೇಳಿದ್ದಲ್ಲ. ಮೇಣದ ಅಚ್ಚುಗಳು ಹಡಗೇರಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿ ತಟ್ಟೆ ಒತ್ತುವ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ!

ಆ ದನಿಯನ್ನು ಇಂದೂ ಕೇಳಬಹುದು. ಆದರೆ 1985ರಲ್ಲಿ ಹುಬ್ಬಳ್ಳಿಯಲ್ಲೋ ಕುಂದಾಪುರದಲ್ಲೋ ಕೊಂಡ ಒಂದು ಕನ್ನಡ ಕ್ಯಾಸೆಟ್ ಇಂದು ಹಾಡುತ್ತದೆಯೆ? ಹೇಳುವುದು ಕಷ್ಟ. ನೂರಿಪ್ಪತ್ತು ವರ್ಷ ಹಳೆಯ ಮುದ್ರಣ ಉಳಿದು, ನಲವತ್ತು ವರ್ಷದ್ದು ಕೈತಪ್ಪುತ್ತಿರುವುದು ವಿಚಿತ್ರವೆನಿಸಬಹುದು. ಅಂಗಡಿಯಿಂದ ಹಾಡು ಕೊಂಡು ತರುವ ಪದ್ಧತಿ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ.

ನಾಯಿ ಮಾರ್ಕಿನ ಕಾಲ

ಗ್ರಾಮಫೋನ್ ಕಂಪೆನಿ 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಮುಂದೆ ಅದು ದಮ್ ದಮ್‌ಗೆ ಸ್ಥಳಾಂತರಗೊಂಡಿತು. ತಟ್ಟೆ ತಯಾರಿಸಲು ಬೇಕಾದ ಅರಗು ನಮ್ಮ ದೇಶದ ಕಾಡುಗಳಲ್ಲೇ ಸಿಗುತ್ತಿದ್ದುದು ಕಂಪೆನಿಗೆ ದೊಡ್ಡ ಅನುಕೂಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಬದಿಯಲ್ಲಿ ಮೂರೂವರೆ ನಿಮಿಷದಷ್ಟು ಮಾತ್ರ ಹಾಡು ಹಿಡಿಯುತ್ತಿತ್ತು. ಗಂಟೆಗಟ್ಟಲೆ ರಾಗ ಬೆಳೆಸುವ ವಿದ್ವಾಂಸರು ಆ ಮೂರೂವರೆ ನಿಮಿಷದಲ್ಲಿ ಆಲಾಪನೆ, ಪಲ್ಲವಿ, ಚರಣ ಎಲ್ಲವನ್ನೂ ಮುಗಿಸಬೇಕಾಯಿತು. ನಮ್ಮ ಸಿನಿಮಾ ಹಾಡು ಇಂದಿಗೂ ಮೂರರಿಂದ ಐದು ನಿಮಿಷದ ಆಸುಪಾಸಿನಲ್ಲಿರುವುದರ ಮೂಲವನ್ನು ಅಲ್ಲೇ ಹುಡುಕುವವರಿದ್ದಾರೆ.

ಬೇರೆ ಕಂಪೆನಿಗಳು ಇರಲಿಲ್ಲವೆಂದಲ್ಲ. ಆದರೂ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮಾರುಕಟ್ಟೆ ಬಹುತೇಕ ನಾಯಿ ಮಾರ್ಕಿನ ಎಚ್.ಎಂ.ವಿ.ಯ ಹಿಡಿತದಲ್ಲಿತ್ತು. ಯಾರ ದನಿ ತಟ್ಟೆಗೆ ಏರಬೇಕು, ಯಾವ ಭಾಷೆಯ ಯಾವ ಪ್ರಕಾರಕ್ಕೆ ಗಿರಾಕಿ ಇದ್ದಾರೆ ಎಂಬುದನ್ನು ನಿರ್ಧರಿಸುವವರು ದೂರದ ಊರುಗಳಲ್ಲಿ ಕುಳಿತ ಕೆಲವರು. ಕನ್ನಡದಲ್ಲಿ ಪಿ. ಕಾಳಿಂಗರಾಯರಂಥವರ ಹಾಡು ತಟ್ಟೆಯಾಗಿ ಬಂತು, ಸಿನಿಮಾ ಹಾಡುಗಳು ಬಂದವು. ಆದರೆ ಲಾವಣಿ, ಗೀಗಿಪದ, ತಾಳಮದ್ದಳೆಗಳಿಗೆ ಆ ಬಾಗಿಲು ಕಿರಿದಾಗಿಯೇ ಉಳಿಯಿತು. ರೆಕಾರ್ಡ್ ಪ್ಲೇಯರ್ ಕೊಳ್ಳುವ ಶಕ್ತಿ ಇದ್ದ ಮನೆಗಳೂ ಕೆಲವೇ. ಉಳಿದವರಿಗೆ ರೇಡಿಯೋ, ಮದುವೆ ಮನೆಯ ಧ್ವನಿವರ್ಧಕ, ಟೂರಿಂಗ್ ಟಾಕೀಸಿನಲ್ಲಿ ಆಟ ಶುರುವಾಗುವ ಮುನ್ನ ಹಾಕುತ್ತಿದ್ದ ಹಾಡುಗಳೇ ಗತಿ.

ಅಂಗೈಯಗಲದ ಕ್ರಾಂತಿ

ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪೆನಿ 1963ರಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಹೊರತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೌ ಓಟೆನ್ಸ್. ಕೋಟಿನ ಜೇಬಿನಲ್ಲಿ ಹಿಡಿಯಬೇಕೆಂಬುದು ಅವರ ಅಳತೆಗೋಲಾಗಿತ್ತು. ಸಂಗೀತ ಮಾರುವುದಕ್ಕಿಂತ ಮಾತು ಮುದ್ರಿಸಿಕೊಳ್ಳುವುದಕ್ಕೆಂದು ಹುಟ್ಟಿದ ವಸ್ತು ಅದು. ಭಾರತಕ್ಕೆ ಅದು ಸದ್ದಿಲ್ಲದೆ ಬಂತು. ಎಪ್ಪತ್ತರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಹೆಗಲ ಮೇಲೆ ಹೊತ್ತು ತಂದ ‘ಟೂ ಇನ್ ಒನ್’ಗಳು ಕರಾವಳಿಯ ಮನೆಮನೆಗಳನ್ನು ಸೇರಿದವು. ಎಂಬತ್ತರ ದಶಕದ ಆರಂಭದಲ್ಲಿ ಆಮದು ನೀತಿ ಸಡಿಲಗೊಂಡ ಮೇಲೆ ಟೇಪ್‌ರೆಕಾರ್ಡರ್ ಎಲ್ಲ ಪಟ್ಟಣಗಳಿಗೂ ಬಂತು.

ಮುಂದಿನದು ಪ್ರವಾಹವೇ. ಉತ್ತರ ಭಾರತದ ಕ್ಯಾಸೆಟ್ ಸಂಗೀತದ ಬಗ್ಗೆ 1993ರಲ್ಲಿ ಪುಸ್ತಕ ಬರೆದ ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನುಯೆಲ್ ನೀಡುವ ಲೆಕ್ಕದಂತೆ, ಭಾರತದಲ್ಲಿ ಧ್ವನಿಮುದ್ರಿತ ಸಂಗೀತದ ವಾರ್ಷಿಕ ಮಾರಾಟ 1980ರಲ್ಲಿ 12 ಲಕ್ಷ ಡಾಲರ್ ಇದ್ದದ್ದು 1990ರ ಹೊತ್ತಿಗೆ 2 ಕೋಟಿ 10 ಲಕ್ಷ ಡಾಲರ್ ದಾಟಿತು. ಎಂಬತ್ತರ ದಶಕದ ನಡುಭಾಗಕ್ಕೇ ಮಾರುಕಟ್ಟೆಯ ಶೇ 95 ಪಾಲು ಕ್ಯಾಸೆಟ್ಟಿನದಾಗಿತ್ತು. ಮುನ್ನೂರಕ್ಕೂ ಹೆಚ್ಚು ಹೊಸ ಕಂಪೆನಿಗಳು ಹುಟ್ಟಿ, ಎಚ್.ಎಂ.ವಿ.ಯ ಪಾಲು ಶೇ 15ಕ್ಕಿಂತ ಕೆಳಗಿಳಿಯಿತು.

ಇವುಗಳಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಟಿ-ಸೀರೀಸ್. ದೆಹಲಿಯ ದರಿಯಾಗಂಜ್‌ನಲ್ಲಿ ಹಣ್ಣಿನ ರಸ ಮಾರುವ ಕುಟುಂಬದಿಂದ ಬಂದ ಗುಲ್ಶನ್ ಕುಮಾರ್ 1983ರಲ್ಲಿ ಕಟ್ಟಿದ ಸಂಸ್ಥೆ ಅದು. ಹಳೆಯ ಹಾಡನ್ನು ಹೊಸ ಕಂಠದಲ್ಲಿ ಹಾಡಿಸಿ ಅಗ್ಗದ ದರಕ್ಕೆ ಮಾರಲು 1957ರ ಕೃತಿಸ್ವಾಮ್ಯ ಕಾಯ್ದೆಯ ಒಂದು ಕಲಂನಲ್ಲಿ ಅವಕಾಶವಿತ್ತು. ಮೂಲದವರಿಗೆ ನೋಟಿಸು ಕೊಟ್ಟು, ಗೊತ್ತಾದ ಗೌರವಧನ ಕಟ್ಟಿದರೆ ಸಾಕು. ಅದನ್ನು ಅವರಷ್ಟು ಚೆನ್ನಾಗಿ ಬಳಸಿಕೊಂಡವರಿಲ್ಲ. ಹೀಗೆ ಮಹಮದ್ ರಫಿಯವರ ಹಾಡು ಹಾಡುತ್ತ ಪರಿಚಿತರಾದ ಸೋನು ನಿಗಮ್ ಮುಂದೆ ‘ಮುಂಗಾರು ಮಳೆ’ಯ ಮೂಲಕ ಕನ್ನಡಿಗರ ಮನೆಮಾತಾದರು. ಗುಲ್ಶನ್ ಕುಮಾರ್ 1997ರ ಆಗಸ್ಟ್ 12ರಂದು ಮುಂಬಯಿಯಲ್ಲಿ ಗುಂಡಿಗೆ ಬಲಿಯಾದರು. ಹಾಡಿನ ವ್ಯಾಪಾರದಲ್ಲಿ ಆಗ ಓಡಾಡುತ್ತಿದ್ದ ಹಣ ಎಷ್ಟಿತ್ತು, ಅದರ ಮೇಲೆ ಯಾರ ಯಾರ ಕಣ್ಣಿತ್ತು ಎಂಬುದನ್ನು ಆ ಕೊಲೆ ದೇಶಕ್ಕೆ ತೋರಿಸಿತು.

ಕನ್ನಡದ ಮಟ್ಟಿಗೆ 1978 ಮುಖ್ಯವಾದ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ ಹಾಡಿದ ‘ನಿತ್ಯೋತ್ಸವ’ ಬಿಡುಗಡೆಯಾದದ್ದು ಆಗ. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದೇ ಅದು ಹೆಸರಾಯಿತು. ಅದರ ಹಿಂದೆಯೇ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಸುರುಳಿಗಳು ಬಂದವು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ. ನಾಲ್ಕು ದಶಕಗಳ ಬಳಿಕ ಅದನ್ನು ಓದದವರ ಕಿವಿಗೂ ತಲುಪಿಸಿದ್ದು ಕ್ಯಾಸೆಟ್. ಶಿಶುನಾಳ ಷರೀಫರು 1889ರಲ್ಲೇ ತೀರಿಕೊಂಡವರು. ಅವರ ತತ್ವಪದಗಳು ಶಿಗ್ಗಾವಿಯ ಭಜನೆ ಮೇಳಗಳಿಂದ ಹೊರಟು ಬೆಂಗಳೂರಿನ ಆಟೋರಿಕ್ಷಾಗಳ ತನಕ ಬಂದದ್ದು ಕೂಡ ಇದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕವಿಯನ್ನು ಇಷ್ಟು ದೂರ ಹೊತ್ತೊಯ್ದ ವಾಹನ ಕನ್ನಡದಲ್ಲಿ ಮತ್ತೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು.

ಸಿನಿಮಾದಲ್ಲಿ 1987ರ ‘ಪ್ರೇಮಲೋಕ’ ಇದೇ ಬಗೆಯ ತಿರುವು. ಹಂಸಲೇಖ ಬರೆದು ಸಂಗೀತ ನೀಡಿದ ಆ ಚಿತ್ರದ ಹಾಡುಗಳು ಲಹರಿ ಸಂಸ್ಥೆಯ ಮೂಲಕ ಲಕ್ಷಗಟ್ಟಲೆ ಕ್ಯಾಸೆಟ್‌ಗಳಾಗಿ ಮಾರಾಟವಾದವು. ಕನ್ನಡ ಚಿತ್ರದ ಹಾಡಿನ ಹಕ್ಕಿಗೆ ದೊಡ್ಡ ಬೆಲೆ ಕಟ್ಟಬಹುದೆಂಬ ಧೈರ್ಯ ಗಾಂಧಿನಗರಕ್ಕೆ ಬಂದದ್ದು ಆ ಬಳಿಕ.

ಆದರೆ ಕ್ಯಾಸೆಟ್ಟಿನ ನಿಜವಾದ ಗುಣ ಲಕ್ಷದ ಲೆಕ್ಕದಲ್ಲಿ ಇರಲಿಲ್ಲ. ಸಾವಿರ ಪ್ರತಿ ಮಾರಾಟವಾದರೂ ಬಂಡವಾಳ ಹುಟ್ಟುತ್ತಿತ್ತು. ಹೀಗಾಗಿ ದೊಡ್ಡ ಕಂಪೆನಿ ಕಣ್ಣೆತ್ತಿಯೂ ನೋಡದ ದೇವಸ್ಥಾನದ ಭಕ್ತಿಗೀತೆ, ಜಿಲ್ಲೆಯ ಜಾನಪದ, ಹರಿಕಥೆ, ಪ್ರವಚನ, ಕೊಂಕಣಿ ಮತ್ತು ತುಳು ಹಾಡುಗಳು ಧ್ವನಿಸುರುಳಿಯಾದವು. ಕಂಪೆನಿಯೂ ಬೇಡವೆನ್ನುವವರಿಗೆ ಖಾಲಿ ಕ್ಯಾಸೆಟ್ ಇದ್ದೇ ಇತ್ತು.

ಯಕ್ಷಗಾನದ ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರನ್ನೇ ನೋಡಿ. ಸಾಲಿಗ್ರಾಮ ಮೇಳದಲ್ಲಿ ಹಾಡುತ್ತಿದ್ದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟಾಗ ವಯಸ್ಸು ಕೇವಲ ಮೂವತ್ತರ ಆಸುಪಾಸು. ಅವರನ್ನು ರಂಗದಲ್ಲಿ ಒಮ್ಮೆಯೂ ನೋಡದ, ಅವರು ತೀರಿಕೊಂಡ ಮೇಲೆ ಹುಟ್ಟಿದ ಅಭಿಮಾನಿಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಇಂದು ಎಷ್ಟೋ ಮಂದಿ. ಇದು ಸಾಧ್ಯವಾದದ್ದು ಮಾರಾಟದ ಕ್ಯಾಸೆಟ್‌ಗಳಿಂದ ಮತ್ತು ಆಟದ ರಾತ್ರಿ ರಂಗಸ್ಥಳದ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತ ಪ್ರೇಕ್ಷಕರಿಂದ. ಚಂಡೆಯ ಸದ್ದಿಗೆ ದನಿ ಒಡೆದಿರುತ್ತದೆ, ಹಿಂದಿನಿಂದ ಯಾರೋ ಕೆಮ್ಮುತ್ತಾರೆ. ಆದರೆ ಆ ಪದ್ಯದ ಬೇರೆ ಪ್ರತಿ ಎಲ್ಲೂ ಇಲ್ಲ.

ಅಂಗಡಿಗಳು ಬಾಗಿಲು ಹಾಕಿದವು

ಕ್ಯಾಸೆಟ್ಟನ್ನು ಕೊಂದದ್ದು ಕಳ್ಳಪ್ರತಿ ಎಂಬ ಮಾತು ಉದ್ಯಮದಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. ಕಳ್ಳಪ್ರತಿ ಕ್ಯಾಸೆಟ್ಟಿನ ಜತೆಯಲ್ಲೇ ಹುಟ್ಟಿದ್ದು. ಹಾಡುಗಳ ಪಟ್ಟಿಯನ್ನೂ ಖಾಲಿ ಸಿ-60 ಅಥವಾ ಸಿ-90 ಕ್ಯಾಸೆಟ್ಟನ್ನೂ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುವ ಅಂಗಡಿ ಪ್ರತಿ ಊರಿನಲ್ಲೂ ಇತ್ತು. ಅದರ ನಡುವೆಯೇ ಉದ್ಯಮ ಹದಿನೈದು ವರ್ಷ ಬೆಳೆಯಿತು. ಬದಲಾದದ್ದು ಬೇರೆಯೇ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಾಗ ಪ್ರತಿ ಸಲವೂ ಗುಣಮಟ್ಟ ಸ್ವಲ್ಪ ಕುಗ್ಗುತ್ತಿತ್ತು. ಹಾಡು ಅಂಕಿಗಳ ರೂಪ ತಾಳಿದ ಮೇಲೆ ನೂರನೆಯ ನಕಲಿಗೂ ಮೊದಲನೆಯದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಸಿ.ಡಿ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಭಾರತದಲ್ಲಿ ಅದು ಕ್ಯಾಸೆಟ್ಟಿನಂತೆ ಜನಸಾಮಾನ್ಯರ ವಸ್ತುವಾಗಲೇ ಇಲ್ಲ, ಬೆಲೆ ಹೆಚ್ಚು. ಅದು ಅಗ್ಗವಾಗುವ ಹೊತ್ತಿಗೆ ಎಂಪಿ3 ಬಂದಿತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ತಂತ್ರಜ್ಞರು ಕಿವಿಗೆ ಗೊತ್ತಾಗದ ಅಂಶಗಳನ್ನು ಕಿತ್ತುಹಾಕಿ ಹಾಡಿನ ಕಡತವನ್ನು ಹತ್ತನೇ ಒಂದು ಭಾಗದಷ್ಟಕ್ಕೆ ಇಳಿಸುವ ವಿಧಾನ ರೂಪಿಸಿದ್ದರು. ಹತ್ತು ಹದಿನೈದು ಹಾಡು ಹಿಡಿಯುತ್ತಿದ್ದ ಅದೇ ಸಿ.ಡಿ.ಯಲ್ಲಿ ಈಗ ನೂರೈವತ್ತು ಹಾಡು. ಬೆಂಗಳೂರಿನ ಮೆಜೆಸ್ಟಿಕ್ ಸುತ್ತಲಿನ ಪಾದಚಾರಿ ಮಾರ್ಗಗಳಲ್ಲಿ ರಾಜ್‌ಕುಮಾರ್ ಅವರ ಹಿಟ್ ಹಾಡುಗಳೆಲ್ಲ ಒಂದೇ ತಟ್ಟೆಯಲ್ಲಿ ಸಿಗುವಾಗ ನಾಲ್ಕು ಚಿತ್ರಗಳ ಹಾಡಿನ ಕ್ಯಾಸೆಟ್ಟನ್ನು ಯಾರು ಕೇಳುತ್ತಾರೆ? ಅದರ ಮುಂದಿನ ಹಂತ ಮೆಮೊರಿ ಕಾರ್ಡು. ಮೊಬೈಲ್ ರಿಪೇರಿ ಅಂಗಡಿಯವನೇ ಹಾಡು ತುಂಬಿಸಿಕೊಡತೊಡಗಿದ. ಹಿಂದಿನ ಸಿ-90 ಅಂಗಡಿಯೇ ಮರುಜನ್ಮ ತಾಳಿದಂತೆ.

ಉದ್ಯಮಕ್ಕೆ ಆಗ ಉಸಿರು ಕೊಟ್ಟದ್ದು ಕಾಲರ್ ಟ್ಯೂನ್. ಕರೆ ಮಾಡಿದವರಿಗೆ ಕೇಳಿಸಲೆಂದು ತಿಂಗಳಿಗಿಷ್ಟು ದುಡ್ಡು ಕೊಟ್ಟು ಹಾಡಿನ ಒಂದು ತುಣುಕು ಹಾಕಿಸಿಕೊಳ್ಳುವ ಈ ವಿಚಿತ್ರ ವ್ಯಾಪಾರ 2004ರ ನಂತರ ಬೆಳೆದು, ಕೆಲವು ವರ್ಷ ಧ್ವನಿಮುದ್ರಣ ಸಂಸ್ಥೆಗಳ ಮುಖ್ಯ ಆದಾಯಗಳಲ್ಲಿ ಒಂದಾಗಿತ್ತು. ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡದ್ದು ಈ ಸಂಧಿಕಾಲದಲ್ಲಿ. ಅದರ ಹಾಡುಗಳನ್ನು ಸಿ.ಡಿ. ಕೊಂಡು ಕೇಳಿದವರೂ ಇದ್ದರು, ಇನ್ನೊಬ್ಬರ ಫೋನಿನಲ್ಲೇ ಕೇಳಿ ಕಲಿತವರೂ ಇದ್ದರು. ಗ್ರಾಹಕರ ಒಪ್ಪಿಗೆಯನ್ನು ಎರಡು ಸಲ ಪಡೆಯದೆ ಇಂಥ ಸೇವೆಗೆ ಹಣ ಕಡಿತ ಮಾಡಕೂಡದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2011ರಲ್ಲಿ ಆದೇಶಿಸಿದ ಮೇಲೆ ಆ ಆದಾಯಕ್ಕೂ ಪೆಟ್ಟು ಬಿತ್ತು.

ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ 2013ರಲ್ಲಿ, ಮುಂಬಯಿಯ ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಅಮೆರಿಕದಲ್ಲಿ ಟವರ್ ರೆಕಾರ್ಡ್ಸ್ ಸರಣಿ 2006ರಲ್ಲೇ ಮುಗಿದಿತ್ತು. ಆ ದೇಶದಲ್ಲಿ 2000ದಲ್ಲಿ 94 ಕೋಟಿಯಷ್ಟು ಸಿ.ಡಿ. ಮಾರಾಟವಾಗಿದ್ದರೆ 2022ರಲ್ಲಿ ಆ ಸಂಖ್ಯೆ ಸುಮಾರು 3.3 ಕೋಟಿ. ಅದೇ ವರ್ಷ ಅಲ್ಲಿ ಹಳೆಯ ಬಗೆಯ ವಿನೈಲ್ ತಟ್ಟೆ 4.1 ಕೋಟಿ ಮಾರಾಟವಾಗಿ ಸಿ.ಡಿ.ಯನ್ನು ಹಿಂದೆ ಹಾಕಿದ್ದು ಬೇರೆ ಮಾತು. ಅದು ಕೇಳುವ ಅಗತ್ಯಕ್ಕಿಂತ ಇಟ್ಟುಕೊಳ್ಳುವ ಪ್ರೀತಿ.

ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಅಂತರ್ಜಾಲದ ದರ ಕುಸಿದ ಬಳಿಕ ಹಾಡನ್ನು ತುಂಬಿಸಿಟ್ಟುಕೊಳ್ಳುವ ಅಗತ್ಯವೂ ತಪ್ಪಿತು. ಬೇಕಾದಾಗ ಯೂಟ್ಯೂಬಿನಲ್ಲಿ ಕೇಳಿದರಾಯಿತು. ಕಲ್ಕತ್ತದ ಹಳೆಯ ಗ್ರಾಮಫೋನ್ ಕಂಪೆನಿಯೇ ಸರೆಗಮ ಎಂಬ ಹೆಸರಿನಲ್ಲಿ 2017ರಲ್ಲಿ ‘ಕಾರವಾನ್’ ಎಂಬ ಪೆಟ್ಟಿಗೆ ತಂದಿತು. ಐದು ಸಾವಿರ ಹಳೆಯ ಹಾಡು ತುಂಬಿದ, ಹಳೆಯ ರೇಡಿಯೋದಂತೆ ಕಾಣುವ ಆ ಪೆಟ್ಟಿಗೆಯನ್ನು ಮಕ್ಕಳು ತಂದೆತಾಯಿಗೆಂದು ಕೊಂಡರು. ಗುಂಡಿ ತಿರುಗಿಸಿದರೆ ಹಾಡು ಬರಬೇಕು ಎನ್ನುವ ತಲೆಮಾರು ಇನ್ನೂ ಇದೆ ಎಂಬುದು ಆಗ ಉದ್ಯಮಕ್ಕೆ ನೆನಪಾಯಿತೇನೋ!

ಎರಡು ಲೆಕ್ಕ

ಕೇಳುಗನಿಗೆ ಇದರಿಂದ ನಷ್ಟವೇನು? ಮೇಲ್ನೋಟಕ್ಕೆ ಲಾಭವೇ. ಕ್ಯಾಸೆಟ್ಟಿನ ಸುರುಳಿ ಟೇಪ್‌ರೆಕಾರ್ಡರಿಗೆ ಸಿಕ್ಕಿಕೊಂಡಾಗ ಪೆನ್ಸಿಲಿನಿಂದ ತಿರುಗಿಸಿ ಸರಿಪಡಿಸಿದವರು ಅದನ್ನು ಮತ್ತೆ ಬಯಸಲಾರರು. ಆದರೆ ಎರಡು ವಿಷಯ ಉಳಿದುಕೊಳ್ಳುತ್ತವೆ.

ಮೊದಲನೆಯದು ಹೆಸರು. ಕ್ಯಾಸೆಟ್ ಡಬ್ಬಿಯೊಳಗಿನ ಮಡಿಸಿದ ಹಾಳೆಯಲ್ಲಿ ಕವಿ, ರಾಗ ಸಂಯೋಜಕ, ಗಾಯಕರ ಹೆಸರುಗಳು, ಕೆಲವೊಮ್ಮೆ ತಬಲಾ, ಕೊಳಲು ನುಡಿಸಿದವರ ಹೆಸರೂ ಅಚ್ಚಾಗಿರುತ್ತಿತ್ತು. ಪೂರ್ತಿ ಸಾಹಿತ್ಯವಿದ್ದರೆ ಮನೆಯಲ್ಲಿ ಹಾಡು ಕಲಿಯುವವರಿಗೆ ಅದೇ ಪಠ್ಯ. ಆ ಹಾಳೆಯಿಲ್ಲದೆ ಅಂತರ್ಜಾಲಕ್ಕೆ ಏರಿದ ಎಷ್ಟೋ ಭಾವಗೀತೆಗಳಿಗೆ ಇಂದು ಕವಿಯಿಲ್ಲ, ಪಕ್ಕವಾದ್ಯದವರಂತೂ ಇಲ್ಲವೇ ಇಲ್ಲ. ಕವಿ ಮತ್ತು ಸಂಯೋಜಕರ ಗೌರವಧನದ ಹಕ್ಕನ್ನು ಬರೆಸಿಕೊಂಡು ಕಸಿಯುವಂತಿಲ್ಲ ಎಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ಹೇಳಿತು. ಹೆಸರೇ ಅಳಿಸಿಹೋದರೆ ಆ ಹಕ್ಕನ್ನು ಕೇಳುವುದು ಯಾರ ಪರವಾಗಿ?

ಎರಡನೆಯದು ಕಾಲದ ಲೆಕ್ಕ, ಇದು ಇನ್ನೂ ತೊಡಕಿನದು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಸ್ವಾಮ್ಯ ಪ್ರಕಟವಾದ ವರ್ಷದ ನಂತರ 60 ವರ್ಷ. ಗೌಹರ್ ಜಾನ್ ಅವರ ತಟ್ಟೆಗಳು ಎಂದೋ ಸಾರ್ವಜನಿಕ ಆಸ್ತಿಯಾಗಿವೆ. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಒಡೆಯದಿದ್ದರೆ ನೂರು ವರ್ಷವಾದರೂ ಹಾಡುತ್ತದೆ. ಅದರ ಗೆರೆಗಳು ಕಣ್ಣಿಗೆ ಕಾಣುವ ಗೆರೆಗಳು. ಮುಂಬಯಿಯ ಸಂಗ್ರಾಹಕರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ‘ಯಂಗ್ ಇಂಡಿಯಾ’ದಂಥ ಹಳೆಯ ದೇಶೀ ಕಂಪೆನಿಯ ತಟ್ಟೆಗಳನ್ನು ಹುಡುಕಿ ಅಂಕೀಕರಿಸಿದ್ದೂ ಉಂಟು. ‘ನಿತ್ಯೋತ್ಸವ’ದ ಮುದ್ರಣದ ಮೇಲಿನ ಸ್ವಾಮ್ಯ ಮುಗಿಯುವುದು 2038ರ ಕೊನೆಗೆ. ಅದು ಪ್ರಸಿದ್ಧವಾದದ್ದು, ಉಳಿಯುತ್ತದೆ. 1988ರಲ್ಲಿ ಒಂದು ಸಣ್ಣ ಕಂಪೆನಿ ಸಾವಿರ ಪ್ರತಿ ತಂದ ಗೀಗಿಪದದ ಸುರುಳಿಯ ಸ್ವಾಮ್ಯ 2048ರವರೆಗೆ ಇದೆ. ಕ್ಯಾಸೆಟ್ ಎಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ಅದರ ಆಯುಸ್ಸು ಹತ್ತರಿಂದ ಮೂವತ್ತು ವರ್ಷವೆಂಬುದು ಸಾಮಾನ್ಯ ಅಂದಾಜು. ಕರಾವಳಿ, ಮಲೆನಾಡಿನ ಮಳೆಗಾಲದ ಬೂಷ್ಟು ಆ ಅಂದಾಜನ್ನು ಇನ್ನೂ ಕಡಿಮೆ ಮಾಡುತ್ತದೆ. ಅಂದರೆ ಕಾನೂನು ಬಾಗಿಲು ತೆರೆಯುವ ದಿನಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ.

ಹಕ್ಕುದಾರರನ್ನು ಹುಡುಕಿ ಅನುಮತಿ ಪಡೆಯಬಹುದಲ್ಲ ಎಂದರೆ, ಅಂಥ ಎಷ್ಟೋ ಕಂಪೆನಿಗಳು ಮುಚ್ಚಿವೆ, ಮಾಲೀಕರು ತೀರಿಕೊಂಡಿದ್ದಾರೆ. ವಾರಸುದಾರರು ಸಿಗದ ಕೃತಿಗೆ ಪರವಾನಗಿ ಪಡೆಯಲು ಕಾಯ್ದೆಯ 31ಎ ಕಲಂ ದಾರಿ ತೋರಿಸುತ್ತದೆ ನಿಜ. ಅದಕ್ಕೆ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಬೇಕು, ಅರ್ಜಿ ಹಾಕಬೇಕು, ವಿಚಾರಣೆಗೆ ಕಾಯಬೇಕು. ಒಂದು ಗೀಗಿಪದಕ್ಕಾಗಿ ಇಷ್ಟು ಓಡಾಡುವವರು ಯಾರು? ಷರೀಫರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಎಂಬತ್ತರ ದಶಕದಲ್ಲಿ ಅದನ್ನು ಹಾಡಿದ ಹಳ್ಳಿಯ ಗಾಯಕನ ದನಿಯನ್ನು ಹಾಗೆ ಹಂಚುವಂತಿಲ್ಲ.

ಆದ್ದರಿಂದ ಸದ್ಯಕ್ಕೆ ಈ ಕೆಲಸ ನಡೆಯುತ್ತಿರುವುದು ಕಾನೂನಿನ ಅಂಚಿನಲ್ಲಿ, ಹವ್ಯಾಸಿಗಳ ಮನೆಗಳಲ್ಲಿ. ಹಳೆಯ ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ತಂತಿ ಜೋಡಿಸಿದರೆ ಸಾಕು. ಆದರೆ 90 ನಿಮಿಷದ ಕ್ಯಾಸೆಟ್ಟನ್ನು ಅಂಕೀಕರಿಸಲು 90 ನಿಮಿಷವೇ ಬೇಕು. ಅವಸರ ಮಾಡುವಂತಿಲ್ಲ. ಹೀಗೆ ಉಳಿಸಿ ಯೂಟ್ಯೂಬಿಗೆ ಏರಿಸಿದ್ದೂ ಶಾಶ್ವತವೇನಲ್ಲ. ಹಕ್ಕುದಾರರ ಒಂದು ದೂರಿಗೆ ಅದು ಮಾಯವಾಗಬಹುದು. ಹಾಡು ಕೇಳಿಸುತ್ತಿದ್ದ ಏರ್‌ಟೆಲ್‌ನ ವಿಂಕ್ ಆ್ಯಪ್ ಮುಚ್ಚುವುದಾಗಿ 2024ರಲ್ಲಿ ಪ್ರಕಟವಾದಾಗ ಜನರು ವರ್ಷಗಟ್ಟಲೆ ಜೋಡಿಸಿಕೊಂಡಿದ್ದ ಹಾಡಿನ ಪಟ್ಟಿಗಳಿಗೂ ಇದೇ ಪ್ರಶ್ನೆ ಎದುರಾಯಿತು. ಅಂಗಡಿ ಮುಚ್ಚಿದರೆ ಕೊಂಡ ಕ್ಯಾಸೆಟ್ ಮನೆಯಲ್ಲಿರುತ್ತಿತ್ತು. ಆ್ಯಪ್ ಮುಚ್ಚಿದರೆ ಹಾಗೆ ಹೇಳುವಂತಿಲ್ಲ.

ನಾವಡರು ತೀರಿಕೊಂಡು ಮೂರೂವರೆ ದಶಕವಾಯಿತು. ಅವರು ಹಾಡಿದ ರಾತ್ರಿಗಳಲ್ಲಿ ಸುರುಳಿಗೆ ಸಿಕ್ಕಿದ್ದು ಕೆಲವೇ, ಅದರಲ್ಲೂ ಅಂತರ್ಜಾಲಕ್ಕೆ ಬಂದದ್ದು ಒಂದು ಪಾಲು. ಉಳಿದವು ಕುಂದಾಪುರ, ಹೊನ್ನಾವರ, ತೀರ್ಥಹಳ್ಳಿಗಳ ಕಡೆಯ ಮನೆಗಳ ಅಟ್ಟದಲ್ಲಿ, ಪೆನ್ಸಿಲಿನಲ್ಲಿ ಪ್ರಸಂಗದ ಹೆಸರು ಬರೆದ ಡಬ್ಬಿಗಳಲ್ಲಿ ಇನ್ನೂ ಇರಬಹುದು. ಅವನ್ನು ಹಾಡಿಸಬಲ್ಲ ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರೂ ವಿರಳವಾಗುತ್ತಿದ್ದಾರೆ.